ಹಿಂದಕ್ಕೆ ನೋಡುವ ಎತ್ತು

ಕುಂಬಾರ ಆದೆಮ್ಮ ತೀರಿಕೊಂಡಳು. ಈ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಯ ದಿನ, ಬಳಗಾನೂರಿನ ತನ್ನ ಮನೆಯ ಪಡಸಾಲೆಯಲ್ಲಿ ಮಲಗಿದ್ದವಳು ಬೆಳಿಗ್ಗೆ ಏಳಲಿಲ್ಲ. ವಯಸ್ಸು ಆಧಾರ್ ಕಾರ್ಡಿನ ಪ್ರಕಾರ ಅರವತ್ತೊಂದು, ಅವಳು ಹೇಳುತ್ತಿದ್ದ ಪ್ರಕಾರ ಎಪ್ಪತ್ತರ ಹತ್ತಿರ. ಎದೆ ನಿಂತಿದೆ ಎಂದು ಡಾಕ್ಟರು ಹೇಳಿದರು. ಸಾಲಗುಂದದಲ್ಲಿರುವ ಮಗಳು ಬರುವ ಹೊತ್ತಿಗೆ ಹನ್ನೊಂದಾಗಿತ್ತು. ಆ ಹೊತ್ತಿಗೆ ಊರಿನ ಬಹಳಷ್ಟು ಮನೆಗಳ ಜಗಲಿಯ ಮೇಲೆ ಅವಳು ಮಾಡಿದ ಮಣ್ಣಿನ ಎತ್ತುಗಳ ಮುಂದೆ ಕಡುಬು ಇಟ್ಟಾಗಿತ್ತು.

ನಾನು ಈ ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹನ್ನೊಂದು ವರ್ಷದಿಂದ ಅವಳ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೇನೆ. ಮೊದಲ ವರ್ಷ ಅವಳು ನನ್ನನ್ನು 'ಅಕ್ಕೋರ' ಎಂದು ದೂರದಿಂದ ಕರೆಯುತ್ತಿದ್ದಳು. ಆಮೇಲೂ ಹಾಗೆಯೇ ಕರೆದಳು, ಆದರೆ ನನ್ನ ಡಬ್ಬಿಯಿಂದ ಚಹಾಪುಡಿ ತಾನೇ ತೆಗೆದುಕೊಳ್ಳತೊಡಗಿದಳು. ನಮ್ಮ ಗೆಳೆತನಕ್ಕೆ ಇದಕ್ಕಿಂತ ದೊಡ್ಡ ಕತೆಯಿಲ್ಲ.

ಗಂಡ ಹೋದ ಮೇಲೆ ಅವಳು ಮಡಕೆ ಮಾಡುವ ತಿಗರಿ ಮುಟ್ಟಿರಲಿಲ್ಲ. ಕೈಯಿಂದ ಮಾಡುವ ಒಲೆ, ಪಣತಿ, ಜೂನ್ ಬಂತೆಂದರೆ ಮಣ್ಣೆತ್ತು. ಅಚ್ಚು ಬಳಸುತ್ತಿರಲಿಲ್ಲ. ಒಂದು ಹಿಡಿ ಮಣ್ಣಿನಿಂದಲೇ ನಾಲ್ಕು ಕಾಲು ಎಳೆದು, ಎರಡು ಬೆರಳಲ್ಲಿ ಬೆನ್ನ ಮೇಲಿನ ಹಿಣಿಲು ಚಿವುಟಿ, ಕೊಂಬು ತೀಡಿ, ಕೊನೆಗೆ ಎರಡು ಕುಸುಬಿ ಕಾಳು ಒತ್ತುತ್ತಿದ್ದಳು. ಅವೇ ಕಣ್ಣು. ಕಣ್ಣು ಒತ್ತಿದ ಮೇಲೆ ಆ ಎತ್ತನ್ನು ತಿದ್ದುತ್ತಿರಲಿಲ್ಲ. ಕಿವಿ ಸೊಟ್ಟಗಿದ್ದರೂ ಹಾಗೆಯೇ ಬಿಡುತ್ತಿದ್ದಳು. "ಕಣ್ಣ ಬಂದ ಮ್ಯಾಲ ಅದು ನೋಡಾಕತ್ತಿರ್ತೈತ್ರಿ. ನೋಡೂ ಮುಂದ ಮೈ ಹಿಚುಕಬಾರ್ದು," ಎನ್ನುತ್ತಿದ್ದಳು.

ಮಣ್ಣು ಪಕ್ಕದ ಮನೆಯವರ ಹೊಲದ್ದು. ನಮ್ಮ ಕಡೆಯ ಎರೆಮಣ್ಣು ಒಣಗಿದರೆ ಸೀಳುತ್ತದೆ. ಹಳ್ಳದ ದಂಡೆಗಿರುವ, ಆ ಮನೆಯ ಅಂಬಪ್ಪನ ಹೊಲದ ಒಂದು ಮೂಲೆಯಲ್ಲಿ ಮಾತ್ರ ಜಿಗಟು ಮಣ್ಣು ಸಿಗುತ್ತಿತ್ತು. ಅವನ ಅಪ್ಪನ ಕಾಲದಿಂದ ಅದಕ್ಕೆ ಒಂದು ಕಟ್ಟಳೆ: ಆದೆಮ್ಮ ಕೇಳದೆ ಮಣ್ಣು ತರಬಹುದು, ವರ್ಷದ ಮೊದಲ ಜೋಡಿ ಎತ್ತು ಅವರ ಮನೆಗೆ ಕೊಡಬೇಕು. ಅಂಬಪ್ಪನ ಹೆಂಡತಿ ಗ್ಯಾನಮ್ಮ ಕಾಳು ಕೇರುವ ಮರದಲ್ಲಿ ಜೋಳ ಹರವಿ ಹಿಡಿಯುತ್ತಿದ್ದಳು, ಆದೆಮ್ಮ ಆ ಜೋಳದ ಮೇಲೆ ಎತ್ತುಗಳನ್ನು ನಿಲ್ಲಿಸುತ್ತಿದ್ದಳು.

ಅಂಬಪ್ಪ ತನ್ನ ಎರಡು ಎಕರೆ ನೋಡಿಕೊಂಡು, ಉಳಿದ ಹೊತ್ತು ಮಸ್ಕಿ ಹತ್ತಿರದ ದೊಡ್ಡ ಹೊಲದ ಧಣಿ ಸಂಗನಬಸವ ಅವರ ಎತ್ತು ಸಾಕುತ್ತಿದ್ದ. ಅವು ಉಳುವ ಎತ್ತಲ್ಲ, ಭಾರದ ಕಲ್ಲು ಎಳೆಯುವ ಸ್ಪರ್ಧೆಗೆ ಬೆಳೆಸಿದವು. ಅದರಲ್ಲಿ ಒಂದರ ಹೆಸರು ಸರದಾರ. ಕರುವಾಗಿದ್ದಾಗಿನಿಂದ ಅದಕ್ಕೆ ಹುರುಳಿ ನುಚ್ಚು ತಿನ್ನಿಸಿದವನು, ಮೈ ತಿಕ್ಕಿದವನು ಅಂಬಪ್ಪ. ಎರಡು ವರ್ಷದ ಹಿಂದೆ ಲಿಂಗಸೂಗೂರಿನ ಒಂದು ಸ್ಪರ್ಧೆಯಲ್ಲಿ ಅದೇ ಎತ್ತು ಅವನನ್ನು ಹಾಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಕಲ್ಲಿನಿಂದ ಬಿಚ್ಚಿದ ಸರದಾರ ಮುಂದಕ್ಕೆ ಹೊರಟಿರುತ್ತದೆ, ಒಮ್ಮೆ ಕುತ್ತಿಗೆ ಹೊರಳಿಸಿ ಹಿಂದಕ್ಕೆ ನೋಡುತ್ತದೆ, ಆಮೇಲಿನದೆಲ್ಲ ಧೂಳು. ಬಾರಿಸುವ ಹಲಗೆ, ಪಟಾಕಿಯ ಸಪ್ಪಳ ಬಿಟ್ಟರೆ ಏನೂ ಕೇಳಿಸುವುದಿಲ್ಲ. ಆ ತುಣುಕು ಗ್ಯಾನಮ್ಮನ ಕಣ್ಣಿಗೂ ಬಿದ್ದಿತ್ತು. ಮಗಳು ಶಿವಕುಮಾರಿಗೆ ಆಗ ಐದು ವರ್ಷ. ಅಪ್ಪನಿಗೆ ಎತ್ತು ಹಾಯಿತು ಎಂದಷ್ಟೇ ಅವಳಿಗೆ ಗೊತ್ತು. ಯಾವ ಎತ್ತು, ಹೇಗೆ ಎಂದು ಯಾರೂ ಹೇಳಿಲ್ಲ.

ಆ ದಿನ ಲಿಂಗಸೂಗೂರಿನ ಬಯಲಿನಲ್ಲಿ ಆದೆಮ್ಮನೂ ಇದ್ದಳು. ಮಗಳಿಗೆ ಜ್ವರ ಬಂದು ಗ್ಯಾನಮ್ಮ ಹೋಗಿರಲಿಲ್ಲ. "ನನ್ನ ಎತ್ತು ನೋಡು ಬಾರಬೇ ದೊಡ್ಡವ್ವ," ಎಂದು ಅಂಬಪ್ಪನೇ ಆದೆಮ್ಮನನ್ನು ಟೆಂಪೊ ಹತ್ತಿಸಿದ್ದ.

ಹೋದ ವರ್ಷದ ಅಮಾವಾಸ್ಯೆಗೆ ಎಂಟು ದಿನವಿತ್ತು. ಸಿಂಧನೂರಿನ ಅಂಗಡಿಗಳಿಗೆ ಅಚ್ಚಿನ ಎತ್ತು ಬಂದಿದ್ದವು. ಮೈಗೆಲ್ಲ ಎಣ್ಣೆ ಬಣ್ಣ, ಕೊಂಬಿಗೆ ಬಂಗಾರದ ಪುಡಿ. "ಅವುಗಳ ಮುಂದ ನನ್ನವು ಆಡು ಕಂಡಂಗ ಕಾಣ್ತಾವ ಅಕ್ಕೋರ. ಈ ವರ್ಷ ಯಾರ ಒಯ್ತಾರ?" ಎಂದು ಆದೆಮ್ಮ ನಕ್ಕಳು. ಮರುದಿನ ನಾನು ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಒಂದು ಎತ್ತು ನಿಂತಿತ್ತು. ಅಂಥದನ್ನು ಅವಳು ಎಂದೂ ಮಾಡಿರಲಿಲ್ಲ. ಮೈ ಮುಂದಕ್ಕೆ ಹೊರಟಿತ್ತು, ಕುತ್ತಿಗೆ ಎಡಕ್ಕೆ ಬಳುಕಿ ಹಿಂದಕ್ಕೆ ತಿರುಗಿತ್ತು. ಆ ತಿರುವಿನಲ್ಲಿ ಕುತ್ತಿಗೆ ಕೆಳಗಿನ ಗಂಗೆದೊಗಲು ಮೂರು ಮಡಿಕೆ ಬಿದ್ದಿತ್ತು. ನಾನು ಚೀಲ ಇಳಿಸುವುದನ್ನು ಮರೆತು ನಿಂತೆ.

"ಎಲ್ಲಿ ನೋಡಿದಿ ಇದನ್ನ?"

"ಕೈಯಾಗ ಬಂತ್ರಿ," ಎಂದಳು. ನನ್ನ ಮುಖ ನೋಡಲಿಲ್ಲ.

ಮೊದಲ ಜೋಡಿ ಗ್ಯಾನಮ್ಮನ ಮನೆಗೇ ಹೋಯಿತು. ಮರದ ಮೇಲೆ ನಿಂತ ಎತ್ತುಗಳನ್ನು ನೋಡಿ ಗ್ಯಾನಮ್ಮ, ಗಂಡ ಹೋದ ಮೇಲೆ ನಾನು ಕಂಡಂತೆ ಮೊದಲ ಸಲ, ನಕ್ಕಳು. "ಇದೇನಬೇ ದೊಡ್ಡವ್ವ, ಕರದ್ರ ಬರೂವಂಗ ಐತಲ್ಲ!" ಆದೆಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸುತ್ತಲೇ ಇದ್ದಳು, ಕೈ ಒಣಗಿದ ಮೇಲೂ. ಶಿವಕುಮಾರಿ ಅದರಲ್ಲಿ ಒಂದನ್ನು ಎದೆಗೊತ್ತಿಕೊಂಡು ಓಣಿಯೆಲ್ಲ ತಿರುಗಿದಳು.

ಬಸ್‌ಸ್ಟ್ಯಾಂಡಿನ ಕಿರಾಣಿ ಅಂಗಡಿಯ ಹುಸೇನ್‌ಸಾಬ್ ಅಂಥವೇ ಇಪ್ಪತ್ತು ಜೋಡಿ ಒಯ್ದ. ಮೊದಮೊದಲು ಕೊಂಡವರು ಕುತ್ತಿಗೆ ನೋಡಿ ಕೊಂಡರು. ಮಕ್ಕಳು ಆ ಮಡಿಕೆಗಳ ಮೇಲೆ ಬೆರಳು ಆಡಿಸುತ್ತಿದ್ದರು. ಅಮಾವಾಸ್ಯೆಯ ದಿನ ಮಧ್ಯಾಹ್ನ ಹುಸೇನ್‌ಸಾಬನಿಗೆ ಮೊಬೈಲಿನಲ್ಲಿ ಕಂಡದ್ದು ನೆನಪಾಯಿತು. ಒಂದು ರಟ್ಟಿನ ಮೇಲೆ 'ಸರದಾರ' ಎಂದು ಬರೆದು ಎತ್ತುಗಳ ಮುಂದೆ ನಿಲ್ಲಿಸಿದ, ಫೋಟೊ ಹಾಕಿದ. ಸಂಜೆಯೊಳಗೆ ಮಸ್ಕಿಯಿಂದ, ಲಿಂಗಸೂಗೂರಿನಿಂದ ಬೈಕುಗಳು ಬಂದವು. ಅವರಲ್ಲಿ ಅರ್ಧ ಜನ ಎತ್ತನ್ನು ಸರಿಯಾಗಿ ನೋಡಲೂ ಇಲ್ಲ. ಹೆಸರು ಕೇಳಿ ಬಂದಿದ್ದರು, ಜೇಬಿಗೆ ಹಾಕಿಕೊಂಡು ಹೋದರು.

ದೀಪ ಹಚ್ಚುವ ಹೊತ್ತಿಗೆ ಗ್ಯಾನಮ್ಮ ಬಂದಳು. ಕೈಯಲ್ಲಿ ಮರ, ಮರದಲ್ಲಿ ಎರಡೂ ಎತ್ತು, ಅವುಗಳ ಹಣೆಯಲ್ಲಿ ಇನ್ನೂ ವಿಭೂತಿ. ಹಿಂದೆ ಮಗಳು.

"ದೊಡ್ಡವ್ವ, ಇದು ಯಾವ ಎತ್ತು?"

ಆದೆಮ್ಮ ಎದ್ದು ನಿಂತಳು.

"ಹೇಳಬೇ. ಅಂಗಡ್ಯಾಗ ಹೆಸರು ಬರದಾರ. ಊರಿಗೆಲ್ಲ ಗೊತ್ತಾಗೈತಿ. ನಾ ಅದರ ಮುಂದ ಕಡುಬು ಇಟ್ಟು ಕೈ ಮುಗದೀನಿ."

"ಹೆಸರು ನಾ ಇಟ್ಟಿಲ್ಲ ಗ್ಯಾನಿ."

"ಹೆಸರಿನ ಮಾತು ಬ್ಯಾಡ. ಮಾಡೂವಾಗ ನಿನಗ ಗೊತ್ತಿತ್ತೋ ಇಲ್ಲೋ?"

ಇಲ್ಲ ಎನ್ನು ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡೆ. ಅವಳು ಸುಳ್ಳು ಹೇಳಿದ್ದರೆ ಗ್ಯಾನಮ್ಮ ನಂಬುತ್ತಿದ್ದಳು, ನಂಬಲೆಂದೇ ಬಂದಿದ್ದಳು.

"ಗೊತ್ತಿತ್ತು," ಎಂದಳು ಆದೆಮ್ಮ.

"ಮತ್ತ ಯಾಕ ಮಾಡಿದಿ?"

"ಆ ಕುತ್ತಿಗಿ ಚಂದ ಇತ್ತವ್ವ. ಕಣ್ಣಾಗಿಂದ ಹೋಗಲಿಲ್ಲ. ಎತ್ತಿನ್ನ ಬೈತೀನಿ, ದಿನಾ ಬೈತೀನಿ. ಕುತ್ತಿಗಿನ್ನ ಬೈಯಾಕ ಬಾಯಿ ಬರವಲ್ದು."

"ಚಂದ ಇತ್ತು," ಎಂದಳು ಗ್ಯಾನಮ್ಮ, ಪ್ರತಿ ಅಕ್ಷರ ಬಿಡಿಸಿ. "ನನ್ನ ಗಂಡನ್ನ ಕೊಂದದ್ದು ಚಂದ ಇತ್ತು. ಅದನ್ನ ನನ್ನ ಗಂಡನ ಹೊಲದ ಮಣ್ಣಾಗ ಮಾಡಿ, ನನ್ನ ಮರದಾಗ ಇಟ್ಟಿ."

ಆದೆಮ್ಮ ಆ ಕಡೆಯಿಂದ ಯೋಚಿಸಿರಲೇ ಇಲ್ಲ. ಅದು ಅವಳ ಮುಖದಲ್ಲಿ ಕಂಡಿತು. ನಲವತ್ತು ವರ್ಷದಿಂದ ಮಣ್ಣು ಅಲ್ಲಿಂದಲೇ ಬರುತ್ತಿತ್ತು, ಅವಳ ಪಾಲಿಗೆ ಅದು ಬರೀ ಮಣ್ಣಾಗಿತ್ತು.

ಗ್ಯಾನಮ್ಮ ಮರವನ್ನು ಮಣ್ಣು ನೆನೆಹಾಕುವ ಬಾನಿಯ ಮೇಲೆ ಬೋರಲು ಹಾಕಿದಳು. "ಕರಗ್ಲಿ. ನಾಳಿಂದ ಹೊಲದಾಗ ಕಾಲಿಡಬ್ಯಾಡ. ನನ್ನ ಮಗಳನ್ನ ಕರೀಬ್ಯಾಡ." ಅವಳು ತಿರುಗಿ ಹೊರಟಾಗ ಹುಡುಗಿ ಬಾನಿಗೆ ಕೈ ಹಾಕಿದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ.

ಆದೆಮ್ಮ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋದಳು, ಹಿಂದೆಯೇ ನಾನು.

"ಹುಸೇನಾ, ನನ್ನ ಎತ್ತಿಗೆ ಹೆಸರಿಡಾಕ ನೀ ಏನು ಖಾಜಿಯೇನಲೇ?"

"ಅರೆ, ಮಾಲು ಹೆಂಗ ಹೋಗಾಕತ್ತೈತಿ ನೋಡಬೇ! ಖುಷಿ ಪಡೂದು ಬಿಟ್ಟು..."

"ಗ್ಯಾನಿ ನೋಡ್ಯಾಳ."

ಹುಸೇನ್‌ಸಾಬ್ ರಟ್ಟು ತೆಗೆದು ಎರಡಾಗಿ ಹರಿದ. "ತೌಬಾ. ನನ್ನ ಖ್ಯಾಲಕ್ಕ ಬರಲಿಲ್ಲಬೇ. ಖುದಾನ ಆಣಿ, ಬರಲಿಲ್ಲ." ಉಳಿದ ಎತ್ತುಗಳನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಒಂದೊಂದಾಗಿ ಬಾನಿಗೆ ಬಿಟ್ಟಳು.

ಆಮೇಲಿನ ತಿಂಗಳುಗಳಲ್ಲಿ ಎರಡು ಮನೆಯ ನಡುವಿನ ಮೋಟುಗೋಡೆಯ ಮೇಲೆ ಪಲ್ಯದ ಬಟ್ಟಲು ದಾಟಲಿಲ್ಲ. ಗ್ಯಾನಮ್ಮ ನಲ್ಲಿಗೆ ಬಂದರೆ ಆದೆಮ್ಮ ಒಳಗೆ ಹೋಗುತ್ತಿದ್ದಳು. ಅಪ್ಪ ಹೋದ ಮೇಲೆ ಆದೆಮ್ಮನ ಮಡಿಲಲ್ಲೇ ಬೆಳೆದಿದ್ದ ಶಿವಕುಮಾರಿ ನಮ್ಮ ಬಾಗಿಲು ದಾಟುವಾಗ ಓಡುತ್ತಿದ್ದಳು, ಯಾರಾದರೂ ಕರೆದುಬಿಟ್ಟಾರು ಎನ್ನುವ ಹಾಗೆ.

ಡಿಸೆಂಬರಿನಲ್ಲಿ ಒಂದು ದಿನ ಧಣಿ ಸಂಗನಬಸವ ಜೀಪಿನಲ್ಲಿ ಬಂದರು. ಹುಸೇನ್‌ಸಾಬನ ಅಂಗಡಿಯಿಂದ ಹೋಗಿದ್ದ ಒಂದು ಎತ್ತು ಅವರ ಕೈಯಲ್ಲಿತ್ತು. ಅವರು ಕೆಟ್ಟವರಲ್ಲ. ಸರದಾರನ ಕಾಲಿಗೆ ರೋಗ ಬಂದಾಗ ಕೊಟ್ಟಿಗೆಯಲ್ಲೇ ಹಾಸಿಗೆ ಹಾಕಿಸಿಕೊಂಡಿದ್ದರಂತೆ.

"ಆದೆಮ್ಮ, ನಮ್ಮ ಸರದಾರನ್ನ ಎರಡು ಫೂಟು ಎತ್ತರ ಮಾಡಿಕೊಡು. ಕಪಾಟಿನಾಗ ಗೆದ್ದ ಕಪ್ಪುಗಳ ನಡುವ ಇಡತೀನಿ. ಆದ್ರ ಹಿಂಗ ಅಲ್ಲ." ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದರು. "ಇದೇನು, ಕಳ್ಳ ನೋಡಿದಂಗ ಹಿಂದ ನೋಡ್ತೈತಿ? ಅಂವ ಎದಿ ಕೊಟ್ಟು ನಿಲ್ಲೂ ಗಂಡು. ಮುಖ ಮುಂದ ಇರ್ಲಿ, ಕೊಂಬು ದೊಡ್ಡವು ಇರ್ಲಿ, ಕೆಳಗ ಹೆಸರು ಕೊರಿ."

"ಮಣ್ಣಿಲ್ಲ ಧಣಿ."

"ಟ್ರ್ಯಾಕ್ಟರ್ ತುಂಬ ಹೊಡಸ್ಲೇನು?"

"ನನ್ನ ಕೈಗೆ ಒಗ್ಗೂ ಮಣ್ಣಿಲ್ಲರಿ."

ಜೀಪು ಹೋದ ಮೇಲೆ ಅವಳು ಗೋಡೆಗೆ ಒರಗಿ ಕುಳಿತಳು. ಆಮೇಲೆ ಒಮ್ಮೆಲೇ ಹೇಳಿದಳು: "ಅಂಬಪ್ಪ ಕರದಿದ್ದ ಅಕ್ಕೋರ."

ಕಲ್ಲಿನಿಂದ ಬಿಚ್ಚಿದ ಮೇಲೆ ಎತ್ತು ನೀರಿನ ಕಡೆ ಹೊರಟಿತ್ತು. ಅಂಬಪ್ಪ ಹಿಂದಿನಿಂದ, ದಿನಾ ಕೊಟ್ಟಿಗೆಯಲ್ಲಿ ಕರೆಯುವಂತೆ, "ಸರದಾರಾ, ಹೋ!" ಎಂದ. ಆ ಗದ್ದಲದಲ್ಲೂ ಎತ್ತಿಗೆ ಕೇಳಿಸಿತು. ಕುತ್ತಿಗೆ ಹೊರಳಿಸಿ ಅವನನ್ನು ಹುಡುಕಿತು. ಕಂಡು ತಿರುಗಿ ಬರುವಾಗ ಗೆದ್ದ ಖುಷಿಗೆ ಯಾರೋ ಪಟಾಕಿ ಸರ ಹಚ್ಚಿದರು. ಬೆದರಿದ ಎತ್ತು ಎದುರಿಗಿದ್ದವನ ಮೇಲೆಯೇ ಹೋಯಿತು.

"ನಾ ಮಾಡಿದ್ದು ಹಾಯೂ ಎತ್ತಲ್ಲರಿ. ಅದಕ್ಕ ಒಂದು ಉಸಿರು ಮೊದಲಿಂದು."

"ಇದನ್ನ ಗ್ಯಾನಮ್ಮಗ ಹೇಳು. ನಾಳೇನಽ ಹೇಳು."

"ಏನಂತ? ನಿನ್ನ ಗಂಡ ಕರೀದಿದ್ರ ಅದು ಮುಂದ ಹೋಗ್ತಿತ್ತು ಅಂತ? ನನ್ನ ಎತ್ತು ಚಂದ ಕಾಣ್ಲಿ ಅಂತ ಅವನ ಸಾವು ಅವನ ಬಾಯಿಗೇ ಕಟ್ಟಲೇನು?" ಅವಳ ದನಿ ಏರಿತು. "ನೀವೂ ಹೇಳೂ ಹಂಗಿಲ್ಲ. ನಾ ಇರೂತನ ಇಲ್ಲ."

ಅವಳು ಇರುವ ತನಕ ನಾನು ಹೇಳಲಿಲ್ಲ. ಇದನ್ನು ಬರೆಯುವ ಮೊದಲು ಗ್ಯಾನಮ್ಮನಿಗೆ ಹೇಳಿದ್ದೇನೆ, ಬರೆಯಲು ಅವಳ ಒಪ್ಪಿಗೆಯಿದೆ.

ಫೆಬ್ರುವರಿಯಲ್ಲಿ, ಎರಡನೆಯ ತರಗತಿಯಲ್ಲಿ, ಶಿವಕುಮಾರಿಯ ಕಂಪಾಸ್ ಬಾಕ್ಸ್ ಕೆಳಗೆ ಬಿದ್ದು ತೆರೆದುಕೊಂಡಿತು. ಹತ್ತಿ ಹಾಸಿದ ಮೇಲೆ ಒಂದು ಮಣ್ಣಿನ ತಲೆಯಿತ್ತು. ಕುತ್ತಿಗೆಯ ಮೂರು ಮಡಿಕೆ ಹಾಗೆಯೇ ಇದ್ದವು. ಬಾನಿಯಿಂದ ಎತ್ತಿಕೊಂಡಾಗ ಮೈ ಕಳಚಿ ಇಷ್ಟೇ ಉಳಿದಿತ್ತು.

"ಅಕ್ಕೋರ, ಅವ್ವಗ ಹೇಳಬ್ಯಾಡ್ರಿ."

"ಯಾಕ ಇದು ಅಷ್ಟು ಇಷ್ಟ ನಿನಗ?"

"ನಾ ಹಿಂದ ಬಂದೀನಿಲ್ಲೋ ಅಂತ ನೋಡ್ತೈತ್ರಿ ಇದು."

ನಾನು ಬಾಕ್ಸ್ ಮುಚ್ಚಿ ಅವಳ ಚೀಲದಲ್ಲಿಟ್ಟೆ. ಗ್ಯಾನಮ್ಮನಿಗೆ ಹೇಳಲಿಲ್ಲ. ಆದೆಮ್ಮನಿಗೆ ಹೇಳಿದೆ. ಖುಷಿಪಟ್ಟಾಳು ಎಂದುಕೊಂಡಿದ್ದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅದು ಅವರವ್ವನ ಕೈಗೆ ಸಿಕ್ಕ ದಿನ ಏನ ಮಾಡ್ಲಿ?"

ಈ ವರ್ಷ ಅವಳು ಮಸ್ಕಿ ಆಚೆಯ ಕಾಲುವೆ ದಂಡೆಯಿಂದ ಮಣ್ಣು ತರಿಸಿದಳು. ಹಳೆಯ ರೂಪದ ಎತ್ತು, ನೆಟ್ಟಗೆ ನಿಂತವು. ಒಣಗುವಾಗ ಹತ್ತರಲ್ಲಿ ನಾಲ್ಕು ಸೀಳಿದವು. ಹೇಗೋ ಅಮಾವಾಸ್ಯೆಯ ಹಿಂದಿನ ದಿನದ ಹೊತ್ತಿಗೆ ಮನೆಮನೆಗೆ ಕೊಟ್ಟು ಮುಗಿಸಿದಳು. ಪಕ್ಕದ ಮನೆಗೆ ಮಾತ್ರ ಹೋಗಲಿಲ್ಲ.

ಅಂದು ಮಧ್ಯಾಹ್ನ ನಾಲ್ಕಕ್ಕೆ ಗ್ಯಾನಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಬುಟ್ಟಿ ತುಂಬ ಹದ ಮಾಡಿದ ಮಣ್ಣು, ಅದರ ಮೇಲೆ ಮರ. ಪಕ್ಕದಲ್ಲಿ ಮಗಳು, ಅತ್ತು ಒಣಗಿದ ಮುಖ. ಬುಟ್ಟಿ ಇಳಿಸಿ ಗ್ಯಾನಮ್ಮ ಮುಷ್ಟಿ ಬಿಚ್ಚಿದಳು. ಒಳಗೆ ಆ ಮಣ್ಣಿನ ತಲೆಯಿತ್ತು.

"ಇಕಿ ಶಾಲಿ ದಫ್ತರದಾಗ ಇತ್ತು. ಒಂದು ವರ್ಷ." ನನ್ನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತಂತ, ಅಕ್ಕೋರ."

ನಾನು ಹೌದೆಂದು ತಲೆಯಾಡಿಸಿದೆ.

"ಎಲ್ಲಾರಿಗೂ ಎಲ್ಲಾ ಗೊತ್ತಿರ್ತೈತಿ, ನನ್ನ ಬಿಟ್ಟು." ಮಗಳ ಕೈಗೆ ಕೊಡ ಕೊಟ್ಟಳು. "ಹೋಗು, ನಲ್ಲಿ ನೀರು ಹಿಡಕೊಂಡು ಬಾ."

ಹುಡುಗಿ ಮರೆಯಾದ ಮೇಲೆ ದನಿ ತಗ್ಗಿಸಿ ಹೇಳಿದಳು: "ಇದು ಯಾವುದಂತ ಹೇಳಿದ್ರ ಇನ್ನ ಯಾವ ಎತ್ತೂ ಮುಟ್ಟಂಗಿಲ್ಲ ಅಕಿ. ನನ್ನಂಗ ಆಕಳ ಕಂಡ್ರೂ ಓಣಿ ಬದಲಿಸ್ತಾಳ. ಹೇಳದಿದ್ರ ಅಪ್ಪನ್ನ ಕೊಂದದ್ದನ್ನ ತಲಿಗಿಂಬಿನಾಗ ಇಟಗೊಂಡು ಮಲಗ್ತಾಳ. ಎರಡೂ ನನ್ನ ಕೈಲಿ ಆಗವಲ್ದು. ಈ ಹುಚ್ಚು ನೀ ಹಚ್ಚಿದ್ದು, ನೀನಽ ಬಿಡಿಸು. ಜೋಡಿ ಮಾಡು, ಮುಖ ಮುಂದ ಇರ್ಬೇಕು. ಅವನ್ನ ಅಕಿ ಮನಸಾರೆ ತಗೊಂಡ್ಲಂದ್ರ ಇದನ್ನ ಕರಗಿಸಿ ಬಾಯಿ ಮುಚಗೊಂಡು ಇರ್ತೀನಿ. ತಗೊಳ್ಳಲಿಲ್ಲಂದ್ರ ಇಲ್ಲೇ ಕುಂದ್ರಿಸಿ ಎಲ್ಲಾ ಹೇಳ್ತೀನಿ."

ಆದೆಮ್ಮ ಬುಟ್ಟಿಗೆ ಕೈ ಹಾಕಿದಳು. ವರ್ಷದ ಮೇಲೆ ಆ ಮಣ್ಣು ಮುಟ್ಟಿದ್ದಳು, ಬೆರಳು ಒಂದು ಕ್ಷಣ ಹಾಗೆಯೇ ನಿಂತವು. ಆಮೇಲೆ ಕಾಲು ಎಳೆದಳು, ಹಿಣಿಲು ಚಿವುಟಿದಳು. ಮೊದಲ ಎತ್ತು ನಿಂತಿತು. ಎರಡನೆಯದನ್ನು ಹಿಡಿದಾಗ ಗ್ಯಾನಮ್ಮ ಕೇಳಿದಳು, ನೆಲ ನೋಡುತ್ತಾ:

"ಅವತ್ತು ನೀ ಅಲ್ಲಿದ್ದಿ. ಅದು ಯಾಕ ಹಿಂದ ತಿರುಗಿತು?"

ಹಿಂದೊಮ್ಮೆ ಸುಳ್ಳು ಬೇಕಿದ್ದಾಗ ನಿಜ ಹೇಳಿದವಳು ಈಗ ಏನು ಹೇಳುತ್ತಾಳೋ ನನಗೆ ತಿಳಿಯಲಿಲ್ಲ.

"ಮಂದಿ ಬಾಳ ಇದ್ರು ಗ್ಯಾನಿ," ಎಂದಳು ಆದೆಮ್ಮ. "ನನಗ ಚಲೋತ್ನಂಗ ಕಾಣ್ಲಿಲ್ಲ." ಕೈ ಮಾತ್ರ ನಿಲ್ಲಲಿಲ್ಲ. ಎರಡನೆಯ ಎತ್ತಿನ ಕುತ್ತಿಗೆಯನ್ನು ನೆಟ್ಟಗೆ, ಮುಂದಕ್ಕೆ, ಗಟ್ಟಿಯಾಗಿ ಕೂಡಿಸಿದಳು. ಎರಡಕ್ಕೂ ಕುಸುಬಿ ಕಾಳು ಒತ್ತಿದಳು.

ಹುಡುಗಿ ಕೊಡ ಇಳಿಸಿದಳು. ಗ್ಯಾನಮ್ಮ ಜೋಳ ಹರವಿ ಮರ ಹಿಡಿದಳು. ಎತ್ತುಗಳು ಜೋಳದ ಮೇಲೆ ನಿಂತವು.

"ನೋಡು, ಆಯಿ ನಿನಗಂತ ಮಾಡ್ಯಾಳ. ಚಂದ ಅದಾವಲ್ಲ? ತಗೋ."

ಶಿವಕುಮಾರಿ ಬಗ್ಗಿ ನೋಡಿದಳು. ಒಂದು ಸುತ್ತು ಬಂದು ನೋಡಿದಳು. ಕೈ ಚಾಚಲಿಲ್ಲ. "ಇವು ಸುಮ್ಮನ ನಿಂತಾವ," ಎಂದಳು. ಅವಳ ಕಣ್ಣು ಅವ್ವನ ಮುಷ್ಟಿಯ ಮೇಲಿತ್ತು.

ಗ್ಯಾನಮ್ಮ ಮರವನ್ನು ಕೆಳಗಿಟ್ಟಳು. "ಕುಮಾರಿ, ಇಲ್ಲಿ ಕುಂದ್ರು. ನಿನಗ ಒಂದು ಮಾತು..."

"ತಡಿ," ಎಂದಳು ಆದೆಮ್ಮ.

ಹೆಬ್ಬೆರಳನ್ನು ನೀರಿಗೆ ಅದ್ದಿದಳು. ಕಣ್ಣು ಬಂದಿದ್ದ ಒಂದು ಎತ್ತನ್ನು ಎತ್ತಿಕೊಂಡು, ಅದರ ಕುತ್ತಿಗೆಯ ಕೆಳಗೆ ಬೆರಳು ಕೊಟ್ಟು, ನಿಧಾನ ತಿರುಗಿಸಿದಳು. ಹಿಂದಕ್ಕಲ್ಲ, ಪಕ್ಕಕ್ಕೆ. ಒಂದು ಕಾಳು ಉದುರಿತು. ಅದನ್ನು ಹುಡುಕಿ ಮತ್ತೆ ಒತ್ತಿದಳು. ಮರದ ಮೇಲೆ ಇಟ್ಟಾಗ ಒಂದು ಎತ್ತು ಮುಂದೆ ನೋಡುತ್ತಿತ್ತು, ಇನ್ನೊಂದು ಅದನ್ನು ನೋಡುತ್ತಿತ್ತು.

"ಇದು ಯಾರನ್ನ ನೋಡಾಕತ್ತೈತಿ ಆಯಿ?"

"ತನ್ನ ಜೋಡಿನ್ನ. ಅದು ಬರಾಕತ್ತೈತಿಲ್ಲೋ ಅಂತ."

ಹುಡುಗಿ ತಲೆ ಓರೆ ಮಾಡಿ ನೋಡಿದಳು. ಮತ್ತೆ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಮರ ಎತ್ತಿಕೊಂಡು, ಕಾಳು ಚೆಲ್ಲದ ಹಾಗೆ ಹೆಜ್ಜೆ ನೋಡಿ ಇಡುತ್ತಾ ಮನೆಯ ಕಡೆ ನಡೆದಳು.

ಗ್ಯಾನಮ್ಮ ಬೆವರಿದ ಮುಷ್ಟಿ ಬಿಚ್ಚಿ ಮುಂದೆ ಹಿಡಿದಳು. ಆದೆಮ್ಮ ಅವಳ ಅಂಗೈಯಿಂದ ಆ ಸವೆದ ತಲೆಯನ್ನು ತೆಗೆದುಕೊಂಡು, ಒಮ್ಮೆ ತಿರುವಿ ನೋಡಿ, ಬಾನಿಯ ನೀರಿಗೆ ಇಳಿಸಿದಳು. ತಾನಾಗಿ ಕರಗಲೆಂದು ಬಿಡಲಿಲ್ಲ. ನೀರೊಳಗೇ ಹೆಬ್ಬೆರಳಿಂದ ಕೊಂಬು ತಿಕ್ಕಿದಳು, ಕಿವಿ ತಿಕ್ಕಿದಳು, ಆಮೇಲೆ ಕುತ್ತಿಗೆ. ಆ ಮೂರು ಮಡಿಕೆಯೂ ಹೋಗಿ ಬೆರಳ ನಡುವೆ ಬರೀ ರಾಡಿ ಉಳಿಯುವ ತನಕ ಕೈ ಹೊರಗೆ ತೆಗೆಯಲಿಲ್ಲ.